ಹುಳುಕಪ್ಪನ ಲೆನ್ಸು ವ್ಯಾಪಾರ

ಹುಳುಕಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬಾಟಲಿ ಕಾರ್ಖಾನೆ ಇಟ್ಟದ್ದು. ಅಲ್ಲಿ ಅವನ ಕೆಲಸವೇ ಹುಳುಕು ಹುಡುಕುವುದು. ಕುಲುಮೆಯಿಂದ ಹೊರಬಿದ್ದು ತಣ್ಣಗಾದ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಸಾಗಿಬರುತ್ತವೆ. ಅವುಗಳ ಹಿಂದೆ ಬೆಳಕಿನ ಹಲಗೆ, ಮುಂದೆ ಎತ್ತರದ ಸ್ಟೂಲಿನ ಮೇಲೆ ಹುಳುಕಪ್ಪ. ಗಾಜಿನೊಳಗೆ ಸಾಸಿವೆಯಷ್ಟು ಗುಳ್ಳೆ ಇರಲಿ, ಕತ್ತಿನ ಬಳಿ ಕೂದಲೆಳೆಯಷ್ಟು ಸೀಳಿರಲಿ, ಎರಡೇ ಬೆರಳಲ್ಲಿ ಎತ್ತಿ ಪಕ್ಕದ ತೊಟ್ಟಿಗೆ ಎಸೆಯುತ್ತಾನೆ. ಅದು ಫಳಾರನೆ ಒಡೆದ ಸದ್ದು ಕೇಳಿದಾಗ, ಊಟ ಮಾಡಿ ತೇಗಿದವನ ತೃಪ್ತಿ ಅವನ ಮುಖದಲ್ಲಿ ಕಾಣುತ್ತದೆ. ಅಂಥ ಕೆಲಸಕ್ಕೆ ಇಂಥವನೇ ಬೇಕು, ಇಲ್ಲವೆನ್ನುವವರಾರು? ಅವನ ಕಣ್ಣು ತಪ್ಪಿಸಿ ಒಂದು ಕೆಟ್ಟ ಬಾಟಲಿ ಹೊರಗೆ ಹೋದದ್ದಿಲ್ಲ ಎಂದು ಕಾರ್ಖಾನೆಯವರೇ ಹೇಳುತ್ತಾರೆ.

ತೊಂದರೆ ಏನೆಂದರೆ, ಗೇಟು ದಾಟಿ ಮನೆಗೆ ಹೊರಟ ಮೇಲೂ ಅವನ ಪಾಲಿಗೆ ಬೆಲ್ಟು ನಿಲ್ಲುತ್ತಿರಲಿಲ್ಲ. ಬಸ್ಸು ಹತ್ತಿದರೆ ಸೀಟಿನ ಹೊಲಿಗೆ ಬಿಟ್ಟಿದೆ. ಟೀ ಅಂಗಡಿಗೆ ಹೋದರೆ ಲೋಟದ ಬಾಯಿ ಚೂರು ಮುಕ್ಕಾಗಿದೆ. ಜೊತೆಯಲ್ಲಿ ದುಡಿಯುವವನೊಬ್ಬ ಸಾಲಸೋಲ ಮಾಡಿ ಮನೆ ಕಟ್ಟಿಸಿ, ಪ್ರೀತಿಯಿಂದ ಕರೆದು ಕೋಣೆಕೋಣೆ ತೋರಿಸಿದರೆ, ಈ ಮಹಾನುಭಾವ ಒಂದು ಕಣ್ಣು ಮುಚ್ಚಿ ನೋಡಿ, "ಎಲ್ಲಾ ಚೆನ್ನಾಗಿದೆ, ಕಿಟಕಿ ಮಾತ್ರ ಸ್ವಲ್ಪ ವಾಲಿದೆ ಅಲ್ವಾ?" ಎಂದು ಕೇಳಿ ಬಂದ. ಆ ಮನೆಯವರು ಆಮೇಲೆ ಅವನನ್ನು ಯಾವುದಕ್ಕೂ ಕರೆಯಲಿಲ್ಲ.

ಇಂಥವನ ಕೈಗೆ ಕ್ಯಾಮೆರಾ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಲೋಕದ ಜನ ಫೋಟೋ ತೆಗೆಯಬೇಕೆಂದು ಲೆನ್ಸು ಕೊಳ್ಳುತ್ತಾರೆ. ಹುಳುಕಪ್ಪ ಲೆನ್ಸು ಹೇಗಿದೆ ನೋಡಬೇಕೆಂದು ಫೋಟೋ ತೆಗೆಯುತ್ತಿದ್ದ. ದೂರದ್ದನ್ನು ಹತ್ತಿರ ಎಳೆದು ತೋರಿಸುವುದೊಂದು, ಇಡೀ ಕೋಣೆಯನ್ನು ಒಂದೇ ಚೌಕಟ್ಟಿಗೆ ತುಂಬುವುದೊಂದು, ಇರುವೆಯ ಮೀಸೆ ಎಣಿಸುವುದೊಂದು, ಮುಖವನ್ನಷ್ಟೇ ಚೊಕ್ಕವಾಗಿ ಹಿಡಿದು ಹಿಂದಿನದನ್ನೆಲ್ಲ ಕರಗಿಸಿಬಿಡುವುದು ಇನ್ನೊಂದು. ಹೀಗೆ ಒಂದೊಂದೇ ಬಂದು ಬೀರುವಿನ ನಡುವಣ ಖಾನೆಯನ್ನು ಹಿಡಿದುಕೊಂಡವು. ಅದು ಹಿಂದೆ ಹೆಂಡತಿ ಹೊಲಿದ ಬಟ್ಟೆಗಳನ್ನು ಮಡಚಿ ಇಡುತ್ತಿದ್ದ ಜಾಗ. ಈಗ ಅಲ್ಲಿ ಗಾಳಿಯಾಡದ ಡಬ್ಬಗಳು, ಡಬ್ಬದೊಳಗೆ ತೇವ ಹೀರುವ ಪುಟ್ಟ ಪೊಟ್ಟಣಗಳು, ಪೊಟ್ಟಣಗಳ ನಡುವೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಮಲಗಿರುವ ಲೆನ್ಸುಗಳು. ಗಿರಾಕಿಗಳ ಬಟ್ಟೆ ಮಂಚದ ಮೇಲೆ, ಕುರ್ಚಿಯ ಬೆನ್ನಿಗೆ, ಕೆಲವೊಮ್ಮೆ ನೆಲದ ಮೇಲೆ. ಮನೆಯಲ್ಲಿ ತೇವ ತಾಗದಂತೆ ಕಾಪಾಡಿದ್ದು ಲೆನ್ಸುಗಳನ್ನು ಮಾತ್ರ.

ಹೆಂಡತಿಯನ್ನು ಬೀದಿಯವರೆಲ್ಲ ಟೈಲರಕ್ಕ ಎನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಅವಳ ಮಿಷನ್ನು. ಶಾಲೆಯ ಸಮವಸ್ತ್ರ, ಉದ್ದವಾದ ಪ್ಯಾಂಟಿನ ಅಂಚು, ಕಿತ್ತುಹೋದ ಜಿಪ್ಪು, ಕಾಜಾ, ಗುಂಡಿ, ಎಲ್ಲವೂ ಅವಳ ಕೈಯಲ್ಲಿ ಸಲೀಸು. ಬಟ್ಟೆ ಕೈಗೆ ಕೊಟ್ಟರೆ ಅಳತೆಪಟ್ಟಿ ತೆಗೆಯುವ ಮೊದಲೇ, "ಇದು ನಿಮಗೆ ಭುಜದಲ್ಲಿ ಬಿಗಿಯಾಗುತ್ತೆ" ಎಂದು ಹೇಳಬಲ್ಲ ಹೆಂಗಸು. ಮದುವೆಗೆ ಮುಂಚೆಯೇ ಆ ಮಿಷನ್ನು ಅವಳದಾಗಿತ್ತು. ಗಂಡ ಆಮೇಲೆ ಬಂದವನು. ಇಬ್ಬರಲ್ಲಿ ಯಾರನ್ನು ಹೆಚ್ಚು ನಂಬಿದ್ದಳು ಎಂದು ಕೇಳುವುದು ಬೇಡ.

ಮೊದಮೊದಲು ಹುಳುಕಪ್ಪ ಎದುರುಮನೆಯ ಇಟ್ಟಿಗೆ ಗೋಡೆಯ ಫೋಟೋ ತೆಗೆಯುತ್ತಿದ್ದ. ಗೋಡೆಯ ಯಜಮಾನ ಒಂದು ದಿನ ಬಂದು, "ನಮ್ಮ ಗೋಡೆ ಏನ್ರೀ ಮಾಡಿದೆ ನಿಮಗೆ?" ಎಂದು ಕೇಳಿದ ಮೇಲೆ ಅದು ನಿಂತಿತು. ಆಮೇಲೆ ಹಳೇ ಪೇಪರನ್ನು ಗೋಡೆಗೆ ಅಂಟಿಸಿ ಅಕ್ಷರಗಳ ಫೋಟೋ. ಕೊನೆಗೆ ಅವನಿಗೆ ಜ್ಞಾನೋದಯವಾಯಿತು. ಲೆನ್ಸಿನ ಹರಿತ ತಿಳಿಯಬೇಕಾದರೆ ಕಣ್ಣಿನ ರೆಪ್ಪೆಗಿಂತ ಒಳ್ಳೆಯ ಒರೆಗಲ್ಲಿಲ್ಲ. ರೆಪ್ಪೆ ಯಾರದು? ಮನೆಯಲ್ಲಿ ಇದ್ದವಳದ್ದೇ.

"ಒಂದ್ನಿಮಿಷ ಬಾರೆ, ಕೂತ್ಕೊ" ಎಂದರೆ ಟೈಲರಕ್ಕ ಕಾಲಿನಿಂದ ಮಿಷನ್ನು ನಿಲ್ಲಿಸಿ, ಬಾಯಲ್ಲಿದ್ದ ಸೂಜಿಯನ್ನು ಕುಪ್ಪಸಕ್ಕೆ ಚುಚ್ಚಿಕೊಂಡು, ಕಿಟಕಿಯ ಪಕ್ಕದ ಕುರ್ಚಿಗೆ ಬಂದು ಕೂರಬೇಕು. ಮೊದಲ ಸಲ ಪಾಪ, ಸೆರಗು ಸರಿಮಾಡಿಕೊಂಡು, ಮುಂಗುರುಳು ಹಿಂದಕ್ಕೆ ತಳ್ಳಿ, ಸ್ವಲ್ಪ ನಕ್ಕೂ ಇದ್ದಳು. ಫೋಟೋ ನೋಡಿದರೆ ನಟ್ಟನಡುವೆ ಬೋಳುಗೋಡೆ. ಕೆಳಗೆ ಒಂದು ಮೂಲೆಯಲ್ಲಿ, ಪೆಟ್ಟಿಗೆಗೆ ತುರುಕಿದ ಸಾಮಾನಿನಂತೆ, ಅವಳ ಮುಖ.

"ನಡುವೆ ಎಲ್ಲಾ ಲೆನ್ಸೂ ಚೆನ್ನಾಗೇ ತೋರಿಸುತ್ತೆ ಕಣೆ. ಯೋಗ್ಯತೆ ತಿಳಿಯೋದು ಮೂಲೇಲಿ" ಎಂದು ಅವನು ವಿವರಿಸಿದ.

"ಅಂದ್ರೆ ನಂಗೆ ಮೂಲೆ" ಎಂದಳು ಅವಳು. ಅದು ದೂರು ಎಂದು ಅವನಿಗೆ ಹೊಳೆಯಲೇ ಇಲ್ಲ.

ತೆಗೆದ ಫೋಟೋವನ್ನು ತನ್ನ ಮಡಚುವ ಕಂಪ್ಯೂಟರಿಗೆ ಹಾಕಿ, ಕಿಟಕಿಯ ಕಡೆಗಿದ್ದ ಅವಳ ಎಡಗಣ್ಣನ್ನು ಪರದೆಯ ತುಂಬ ಹಿಗ್ಗಿಸಿ, ರೆಪ್ಪೆಯ ಒಂದೊಂದು ಕೂದಲನ್ನೂ ಬೇರೆಬೇರೆ ಕಾಣುವ ತನಕ ನೋಡುತ್ತಿದ್ದ. ಉಳಿದದ್ದನ್ನು ಕತ್ತರಿಸಿ ಎಸೆದು ಕಣ್ಣಿನಷ್ಟನ್ನೇ ಉಳಿಸಿಕೊಳ್ಳುತ್ತಿದ್ದ. ಹೀಗೆ ವರ್ಷವರ್ಷಗಳ ಎಡಗಣ್ಣುಗಳು ಆ ಕಂಪ್ಯೂಟರಿನೊಳಗೆ ತಾರೀಖಿನ ಸಮೇತ ಸಾಲುಗಟ್ಟಿ ಕೂತಿದ್ದವು. ಬಲಗಣ್ಣು, ಮೂಗು, ಬಾಯಿ, ನಗು ಯಾವುದೂ ಇಲ್ಲ. "ನಿಮ್ಮ ಭಾವ ನನ್ನ ರೆಪ್ಪೆ ಎಣಿಸ್ತಾರೆ ಕಣೆ, ಮುಖ ಮಾತ್ರ ನೋಡಲ್ಲ" ಎಂದು ಟೈಲರಕ್ಕ ತಂಗಿಯ ಹತ್ತಿರ ಹೇಳಿಕೊಂಡು ನಗುತ್ತಿದ್ದಳು. ತಂಗಿ ನಗುತ್ತಿರಲಿಲ್ಲ.

ಒಂದು ಸಂಜೆ ಟೈಲರಕ್ಕ ಮಿಷನ್ನಿನಿಂದ ಎದ್ದು ಬಂದು ಅವನ ಪಕ್ಕ ನಿಂತಳು.

"ರೀ, ಯಾಕೋ ಎಡಗಣ್ಣು ಮಬ್ಬು ಮಬ್ಬಾಗ್ತಿದೆ. ಹೊಗೆ ಕವಿದ ಹಾಗೆ."

ಹುಳುಕಪ್ಪ ಪರದೆಯಿಂದ ಕಣ್ಣು ಕೀಳದೆ, "ಗೊತ್ತು. ನನಗೂ ಕಾಣಿಸ್ತು" ಎಂದ.

ಅವಳಿಗೆ ಹಿತವಾಯಿತು. ಎಷ್ಟಾದರೂ ಗಂಡ, ಬಾಯಿಬಿಟ್ಟು ಹೇಳದಿದ್ದರೂ ಗಮನಿಸಿದ್ದಾನೆ ಅಂದುಕೊಂಡಳು.

"ಹಾಗಾದ್ರೆ ಏನ್ ಮಾಡೋದು?"

"ಮಾರಿಬಿಡೋದು."

"ಏನನ್ನ?"

"ಲೆನ್ಸ್‌ನ. ಒಳಗೆ ಬೂಷ್ಟು ಹಿಡಿದಿದೆ. ನೋಡಿಲ್ಲಿ, ರೆಪ್ಪೆ ಚೊಕ್ಕ, ಹುಬ್ಬು ಚೊಕ್ಕ, ಪಾಪೆ ಮೇಲೆ ಮಾತ್ರ ಮಂಜು."

ಪರದೆಯ ಮೇಲೆ ತಟ್ಟೆಯಗಲ ಅರಳಿದ್ದ ತನ್ನದೇ ಕಣ್ಣನ್ನು ಅವಳು ಇನ್ನೊಂದು ಕಣ್ಣಿನಿಂದ ನೋಡಿದಳು. ಕಪ್ಪಗಿರಬೇಕಾದ ಪಾಪೆಯ ಮೇಲೆ ಅಕ್ಕಿ ತೊಳೆದ ನೀರಿನಂಥ ತೆಳುಬಿಳುಪು ಇತ್ತು. ಗಂಡನಿಗೆ ಲೆನ್ಸಿನ ವಿಷಯ ಗೊತ್ತು, ತನಗೇನು ಗೊತ್ತು ಎಂದುಕೊಂಡು ಸುಮ್ಮನೆ ಮಿಷನ್ನಿಗೆ ಹೋದಳು.

ಹುಳುಕಪ್ಪನಿಗೆ ಒಬ್ಬರು ಗುರುಗಳು ಬೇರೆ ಇದ್ದರು. ಚಿತ್ರಕಲೆಯ ಮೇಷ್ಟ್ರಾಗಿ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಟೀ ಅಂಗಡಿಯ ಹಿಂದಿನ ಬೆಂಚಿನಲ್ಲಿ ಅವರ ಆಸ್ಥಾನ. ಕೊರಳಲ್ಲಿ ಕ್ಯಾಮೆರಾ ಸದಾ ತೂಗುತ್ತಿತ್ತು, ಅದರ ಮುಚ್ಚಳ ತೆಗೆದದ್ದನ್ನು ಕಂಡವರಿಲ್ಲ. ಲೆನ್ಸಿನ ಮಾತು ಬಂದರೆ ಮಾತ್ರ ಅವರನ್ನು ಹಿಡಿಯುವವರಿರಲಿಲ್ಲ. ಎಡಗಣ್ಣಿನ ಫೋಟೋವನ್ನು ಮೊಬೈಲಿನಲ್ಲಿ ನೋಡಿ, ತುಟಿ ಮುಂದೆ ಮಾಡಿ, "ಬೂಷ್ಟೇ. ಅನುಮಾನ ಇಲ್ಲ. ಬೂಷ್ಟು ಕಪ್ಪಿನ ಮೇಲೆ ಮಾತ್ರ ಎದ್ದು ಕಾಣುತ್ತೆ, ಅದಕ್ಕೇ ಪಾಪೇಲಿ ಕಾಣ್ತಿದೆ. ಬೇಗ ದಾಟಿಸಿಬಿಡಪ್ಪ" ಎಂದು ತೀರ್ಪು ಕೊಟ್ಟರು. ಕುರುಡ ಕುರುಡನಿಗೆ ದಾರಿ ತೋರಿಸಿದ.

ಮುಖ ಹಿಡಿಯುವ ಆ ಒಳ್ಳೆಯ ಲೆನ್ಸನ್ನು ಹುಳುಕಪ್ಪ ದಿನಾ ತಾನು ಹೋಗುವ ಬಸ್ಸಿನ ಕಂಡಕ್ಟರನಿಗೆ ಮಾರಿದ. ಬೂಷ್ಟಿನ ಸುದ್ದಿಯನ್ನು ಮುಚ್ಚಿಡಲಿಲ್ಲ. ಹುಳುಕು ಹೇಳದೆ ಇರುವುದು ಅವನ ಜಾಯಮಾನದಲ್ಲೇ ಇಲ್ಲ. "ಪರವಾಗಿಲ್ಲ ಬಿಡಣ್ಣ, ನಮಗೆ ಅದೆಲ್ಲ ಕಾಣಲ್ಲ" ಎಂದು ಕಂಡಕ್ಟರ ತೆಗೆದುಕೊಂಡು ಹೋದ.

ಅದರ ಜಾಗಕ್ಕೆ ಹೊಸದು ಬಂತು. ಪೆಟ್ಟಿಗೆ ಬಿಚ್ಚಿ, ಹೊಸ ವಾಸನೆ ಹೀರಿ, ಹೆಂಡತಿಯನ್ನು ಕೂರಿಸಿ ಕ್ಲಿಕ್ಕಿಸಿದ. ಕೆಲವು ತಿಂಗಳು ಸಮಾಧಾನಪಟ್ಟ, ಹೊಸದೆಂಬ ಮೋಹಕ್ಕೆ ಮಂಜು ಕಡಿಮೆಯಾದಂತೆಯೇ ಕಂಡಿತು. ಆಮೇಲೆ ನೋಡಿದರೆ ಅದೇ ಬಿಳುಪು, ಮೊದಲಿಗಿಂತ ಒಂದು ಕೈ ಮೇಲೆ. ಅದನ್ನೂ ಮಾರಿ ಮತ್ತೊಂದು ತಂದ. ಅದರಲ್ಲೂ ಅಷ್ಟೇ. ಬೇರೆ ಕಂಪನಿ, ಬೇರೆ ಗಾಜು, ಮಂಜು ಮಾತ್ರ ಒಂದೇ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಎನ್ನುತ್ತಾರಲ್ಲ, ಹಾಗೆ ಒಂದಾದ ಮೇಲೊಂದು ನಿರಪರಾಧಿ ಎತ್ತುಗಳು ಆ ಮನೆಯಿಂದ ಹೊರಬಿದ್ದವು.

ಟೈಲರಕ್ಕ ಇನ್ನೆರಡು ಸಲ ಹೇಳಿದಳು. "ಬೆಳಕಿನ ಸುತ್ತ ಬಳೆ ಬಳೆ ಕಾಣುತ್ತೆ" ಎಂದಾಗ, "ಅದು ಹಳೇ ಲೆನ್ಸಿನ ಗುಣ" ಎಂದ. "ಒಂದೇ ಕಣ್ಣಲ್ಲಿ ನೋಡಿದ ಹಾಗಾಗುತ್ತೆ, ಸೂಜಿ ತೂತು ಎಲ್ಲಿದೆ ಅಂತಲೇ ಅಂದಾಜು ಸಿಗಲ್ಲ" ಎಂದಾಗ, ಸೂಜಿ ಇಸಿದುಕೊಂಡು, ದಾರ ಪೋಣಿಸಿಕೊಟ್ಟು, "ನನ್ನ ಕಣ್ಣು ನೋಡು, ಈಗಲೂ ಹದ್ದು" ಎಂದು ಹೆಮ್ಮೆಪಟ್ಟ. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ಕೇಳದ ಕಿವಿಗೆ ಎಷ್ಟು ಸಲ ಹೇಳುವುದು?

ಹೇಳುವುದನ್ನು ಬಿಟ್ಟಳೇ ಹೊರತು ಹೆದರುವುದನ್ನು ಬಿಡಲಿಲ್ಲ. ಕಪ್ಪು ಬಟ್ಟೆ ತಂದ ಗಿರಾಕಿಗೆ ಪುರುಸೊತ್ತಿಲ್ಲ ಎಂದು ಸುಳ್ಳು ಹೇಳತೊಡಗಿದಳು. ಹೊಲಿಗೆ ನೆಟ್ಟಗೆ ಹೋಗಿದೆಯೇ ಎಂದು ಕಣ್ಣಿಗಿಂತ ಹೆಬ್ಬೆರಳಿನಿಂದ ಸವರಿ ನೋಡತೊಡಗಿದಳು. ಶಾಲೆಯವರು ಕೊಟ್ಟಿದ್ದ ಕಡುನೀಲಿ ಸಮವಸ್ತ್ರಗಳಲ್ಲಿ ಅರ್ಧಕ್ಕರ್ಧ ವಾಪಸ್ಸು ಬಂದವು. ಒಂದರಲ್ಲಿ ಕಾಲರು ಸೊಟ್ಟ, ಒಂದರಲ್ಲಿ ಜೇಬು ಕೆಳಕ್ಕೆ. ತಂದವನು ಒರಟಾಗಿ ಮಾತಾಡಲಿಲ್ಲ. "ಏನಕ್ಕಾ, ನೀವು ಹಿಂಗ್ ಮಾಡೋರಲ್ಲ. ಇನ್ನೊಂದ್ಸಲ ಹಿಂಗಾದ್ರೆ ಬೇರೆ ಕಡೆ ಕೊಡ್ಬೇಕಾಗುತ್ತೆ" ಎಂದಷ್ಟೇ ಹೇಳಿ ಗಂಟು ಇಳಿಸಿ ಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಕಣ್ಣು ಹೋದರೆ ಮಿಷನ್ನು ಹೋಯಿತು, ಮಿಷನ್ನು ಹೋದರೆ ತಾನು ಈ ಮನೆಯಲ್ಲಿ ಕಿಟಕಿ ಪಕ್ಕ ಕೂರುವ ಗೊಂಬೆ ಎಂದುಕೊಂಡು ಕತ್ತರಿ ಕೈಗೆತ್ತಿಕೊಂಡಳು.

ಸಂಜೆ ಬಂದ ಹುಳುಕಪ್ಪ ಗಂಟಿನ ಮೇಲಿದ್ದ ಒಂದು ಅಂಗಿಯನ್ನು ಎತ್ತಿ ನೋಡಿದ. ನೋಡಿದ ಕೂಡಲೇ ಹಿಡಿದ, ಅವನ ಕಣ್ಣಿಗೆ ತಪ್ಪುವುದುಂಟೇ?

"ಇಲ್ಲಿ ನೋಡು, ಕಾಲರಿನ ಈ ತುದಿ ಆ ತುದಿಗಿಂತ ಗಿಡ್ಡ. ಕಾಜಾ ಸಾಲು ಓರೆ. ಇಲ್ಲಿ ದಾರ ಬಿಟ್ಟಿದೆ. ಮೊದ್ಲು ಇಷ್ಟು ಅಜಾಗರೂಕತೆ ಇರ್ಲಿಲ್ಲ ನಿನಗೆ."

"ಹೌದು" ಎಂದಳು ಟೈಲರಕ್ಕ. ಕತ್ತರಿಯ ಮೊನೆಯಿಂದ ಹೊಲಿಗೆ ಬಿಚ್ಚುತ್ತ ಕೂತವಳು ತಲೆಯೆತ್ತಲಿಲ್ಲ. ಅತ್ತದ್ದು ಅವನಿಗೆ ಕಾಣಲಿಲ್ಲ, ಫೋಟೋದಲ್ಲಿರಲಿಲ್ಲವಲ್ಲ.

ಆ ಭಾನುವಾರ ಮೇಷ್ಟ್ರು ಬಾಂಬು ಹಾಕಿದರು. "ಬೂಷ್ಟು ಅಂಟುರೋಗ ಕಣಯ್ಯ. ಎಲ್ಲಾ ಲೆನ್ಸೂ ಒಂದೇ ಬೀರುವಿನಲ್ಲಿ ಇಟ್ಟಿದ್ಯಾ? ಆಯ್ತು ಹಾಗಾದ್ರೆ, ಒಂದೂ ಉಳಿದಿರಲ್ಲ." ಹುಳುಕಪ್ಪ ಟೀ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದ. ಮನೆಗೆ ಓಡಿಬಂದು ಡಬ್ಬಗಳನ್ನೆಲ್ಲ ಮಂಚದ ಮೇಲೆ ಸುರುವಿದ. ಮಂಚದ ಮೇಲಿದ್ದ ಸಮವಸ್ತ್ರಗಳು ನೆಲಕ್ಕಿಳಿದವು. ಮೂರು ರಾಶಿ ಮಾಡುವುದೆಂದು ನಿರ್ಧಾರವಾಯಿತು. ಇಟ್ಟುಕೊಳ್ಳುವವು ದಿಂಬಿನ ಕಡೆ, ಮಾರುವವು ಕಾಲಿನ ಕಡೆ, ಅಂಗಡಿಗೆ ಕೊಟ್ಟು ಅದಕ್ಕಿಂತ ಮೇಲಿನದನ್ನು ತರುವವು ನಡುವೆ.

ಬೆಳಿಗ್ಗೆ ಶುರುವಾದದ್ದು ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ. ಒಂದೊಂದನ್ನೂ ಟಾರ್ಚಿನ ಬೆಳಕಿಗೆ ಹಿಡಿದು, ಮೂಗಿನ ತುದಿಗೆ ತಂದು, ಮಗು ಹುಟ್ಟಿದಾಗ ಹೋಲಿಕೆ ನೋಡುವ ಅಜ್ಜಿಯಂತೆ ತಿರುಗಿಸಿ ನೋಡಿದ. ಇದರಲ್ಲಿ ಧೂಳಿನ ಒಂದು ಕಣ ಇದೆ, ಆದರೆ ಇದೇ ನನ್ನ ಮೊದಲನೆಯದು, ಇರಲಿ. ಇದು ಚೆನ್ನಾಗಿದೆ, ಆದರೆ ಇದರ ಹೊಸ ಅವತಾರ ಬಂದಿದೆ, ನಡುವಿನ ರಾಶಿಗೆ. ಇದನ್ನು ಮಾರಬಹುದು, ಆದರೆ ಮಾರಿದ ಮೇಲೆ ಬೇಕೆನಿಸಿದರೆ? ಮಾರುವ ರಾಶಿಗೆ ಹೋದದ್ದು ಐದು ನಿಮಿಷಕ್ಕೆ ದಿಂಬಿನ ಕಡೆ ಮರಳುತ್ತಿತ್ತು. ಹೆಣ್ಣು ಕೊಟ್ಟ ಅಪ್ಪನೂ ಮಗಳನ್ನು ಕಳಿಸುವಾಗ ಇಷ್ಟು ಒದ್ದಾಡುವುದಿಲ್ಲ.

ಟೈಲರಕ್ಕ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು.

"ಇದ್ರಲ್ಲಿ ನಾನ್ಯಾವ ರಾಶೀಲಿ ಬರ್ತೀನಿ?"

"ತಮಾಷೆ ಮಾಡ್ಬೇಡ, ಲೆಕ್ಕ ತಪ್ಪುತ್ತೆ."

"ತಮಾಷೆ ಅಲ್ಲ. ಉಪಯೋಗಕ್ಕೆ ಬಾರದ್ದು ಎಲ್ಲಿಗೆ ಹೋಗುತ್ತೆ ಅಂತ ಕೇಳ್ದೆ."

"ಕಾಲ್ಗಡೆಗೆ" ಎಂದ ಹುಳುಕಪ್ಪ, ಟಾರ್ಚು ಹಿಡಿದುಕೊಂಡೇ. ಅವಳು ಒಳಗೆ ಹೋಗಿ ತಂಗಿಗೆ ಫೋನು ಮಾಡಿದಳು.

ಇತ್ತ ಕಂಡಕ್ಟರನಿಂದ ಒಂದು ಫೋಟೋ ಬಂತು. ಅವನ ಮನೆಯ ಬೆಕ್ಕು. ಕೆಳಗೆ, "ಅಣ್ಣ, ನಿಮ್ಮ ಲೆನ್ಸು ಬಂಗಾರ" ಎಂದು ಬರೆದಿದ್ದ. ಹುಳುಕಪ್ಪ ಅಭ್ಯಾಸಬಲದಿಂದ ಬೆಕ್ಕಿನ ಕಣ್ಣನ್ನು ಹಿಗ್ಗಿಸಿದ. ಕಪ್ಪೆಂದರೆ ಕಪ್ಪು, ಕಾಡಿಗೆಯಂಥ ಪಾಪೆ. ಮಂಜಿನ ಸುಳಿವೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ತಲೆಗೆ ಹೊಳೆಯುತ್ತಿತ್ತು. ಇವನಿಗೆ ಹೊಟ್ಟೆ ಉರಿಯಿತು. ಇವನ್ಯಾವನೋ ಒಳ್ಳೆಯ ರಿಪೇರಿಯವನನ್ನು ಹಿಡಿದು ಶುದ್ಧಿಮಾಡಿಸಿ, ನನ್ನನ್ನು ಯಾಮಾರಿಸಿದ ಎಂದು ಮರುದಿನ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಬಸ್ ನಿಲ್ದಾಣಕ್ಕೆ ಹೋದ.

"ಏನ್ ಮಾಡ್ಸಿದೆ ಅದಕ್ಕೆ? ಎಲ್ಲಿ ಬಿಚ್ಚಿಸ್ದೆ, ಹೇಳು."

"ಎಲ್ಲೂ ಇಲ್ಲಣ್ಣ" ಎಂದ ಕಂಡಕ್ಟರ. "ಅಂಗಿ ತುದೀಲಿ ಒರೆಸ್ದೆ."

"ಅಂಗೀಲಾ?"

"ಮತ್ತಿನ್ನೇನು ಪ್ಯಾಂಟಲ್ಲಿ ಒರೆಸ್ಲಾ?"

ಹುಳುಕಪ್ಪನ ಎದೆಗೆ ಚಾಕು ಹಾಕಿದಂತಾಯಿತು. ಆದರೂ ಲೆನ್ಸು ಬೇಕೇಬೇಕು. ಮಾತಿನ ಮೇಲೆ ಮಾತು ಬೆಳೆದು, ಕೊನೆಗೆ ದೂರದ್ದನ್ನು ಹತ್ತಿರ ತರುವ ತನ್ನ ಮುದ್ದಿನ ಉದ್ದ ಲೆನ್ಸನ್ನು ಕೊಟ್ಟು ಆ ಹಳೆಯದನ್ನು ವಾಪಸ್ಸು ತೆಗೆದುಕೊಂಡ. ಕಂಡಕ್ಟರ ಸೀಟಿ ಊದುವುದನ್ನೂ ಮರೆತು ಅವನನ್ನೇ ನೋಡುತ್ತ ನಿಂತ. ಇಂಥ ವ್ಯಾಪಾರ ಅವನ ಜನ್ಮದಲ್ಲಿ ಆಗಿರಲಿಲ್ಲ.

ಮನೆಗೆ ಬಂದರೆ ಬೀಗ. ಪಕ್ಕದ ಮನೆಯಾಕೆ ಬೀಗದ ಕೈ ಕೊಟ್ಟು, "ಅಕ್ಕ ಅವ್ರ ತಂಗಿ ಜೊತೆ ಹೋದ್ರು" ಎಂದಳು. ಗುಂಡಿ, ದಾರ ತರಲು ಹೋಗಿರಬೇಕು ಎಂದು ಅವನೇ ತೀರ್ಮಾನಿಸಿದ. ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಕ್ಯಾಮೆರಾವನ್ನು ಮೇಜಿನ ಮೇಲೆ ನಿಲ್ಲಿಸಿ, ತಾನಾಗಿ ಕ್ಲಿಕ್ಕಾಗುವಂತೆ ಗುಂಡಿ ಒತ್ತಿ, ಓಡಿಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತಾನೇ ಕೂತ. ಇಷ್ಟು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವನು ಕೂತದ್ದು ಅದೇ ಮೊದಲು. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಕೂತಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ.

ಫೋಟೋವನ್ನು ಹಿಗ್ಗಿಸಿದ. ತನ್ನ ಎಡಗಣ್ಣು. ರೆಪ್ಪೆ ಚೊಕ್ಕ, ಹುಬ್ಬು ಚೊಕ್ಕ, ಪಾಪೆ ಕಪ್ಪು. ಮಂಜಿಲ್ಲ. ಹುಳುಕಪ್ಪ ತೊಡೆ ತಟ್ಟಿಕೊಂಡ. ಕಂಡಕ್ಟರನ ಅಂಗಿಗೆ ಮನಸ್ಸಿನಲ್ಲೇ ಕೈಮುಗಿದ. ಬೂಷ್ಟು ಹೋಗಿಯೇಬಿಟ್ಟಿದೆ, ಇನ್ನು ಇದು ಜನ್ಮಕ್ಕೂ ದಿಂಬಿನ ಕಡೆಯ ರಾಶಿ ಎಂದು ಸಂತೋಷಪಡುತ್ತಿರುವಾಗ ಬಾಗಿಲು ತೆರೆಯಿತು.

ನಾದಿನಿ ಮುಂದೆ, ಅವಳ ಕೈ ಹಿಡಿದುಕೊಂಡು ಟೈಲರಕ್ಕ ಹಿಂದೆ. ಟೈಲರಕ್ಕನ ಕಣ್ಣಿಗೆ ಕಪ್ಪು ಕನ್ನಡಕ. ಯಾಕೆ ಕಪ್ಪು ಕನ್ನಡಕ, ಯಾಕೆ ತಂಗಿಯ ಕೈ ಹಿಡಿದು ಹೊಸ್ತಿಲು ದಾಟುತ್ತಿದ್ದಾಳೆ ಎಂದು ಕೇಳಬೇಕಾದ ಗಂಡ ಕೇಳಿದ್ದು ಇಷ್ಟೇ:

"ಬಂದ್ಯಾ? ಒಳ್ಳೇದಾಯ್ತು. ಕನ್ನಡಕ ತೆಗೆದು ಕೂತ್ಕೊ, ಒಂದೇ ಒಂದು."

ನಾದಿನಿಗೆ ಮೈಯೆಲ್ಲ ಉರಿಯಿತು. "ಭಾವ, ನಿಮಗೇನಾದ್ರೂ..." ಎಂದು ಶುರುಮಾಡಿದವಳ ಕೈಯನ್ನು ಅಕ್ಕ ಒತ್ತಿದಳು.

"ಇರ್ಲಿ ಬಿಡೆ. ತೆಗೀಲಿ. ಇವತ್ತೊಂದಿನ ಚೆನ್ನಾಗಿ ಕಾಣ್ಲಿ."

ಕೂತಳು. ಕನ್ನಡಕ ತೆಗೆದು ಬೆಳಕಿಗೆ ಮುಖ ಕಿವಿಚಿಕೊಂಡಳು. ಹುಳುಕಪ್ಪ ಕ್ಲಿಕ್ಕಿಸಿ, ಕಂಪ್ಯೂಟರಿಗೆ ಹಾಕಿ, ಹಿಗ್ಗಿಸಿದ. ಕಣ್ಣಿಗೆ ಹಾಕಿದ ಔಷಧಿಗೆ ಪಾಪೆ ಪೂರ್ತಿ ಅರಳಿತ್ತು. ಅರಳಿದ ಪಾಪೆಯ ತುಂಬ ಕೆನೆಗಟ್ಟಿದ ಹಾಲಿನಂಥ ದಪ್ಪ ಬಿಳುಪು. ಕಪ್ಪು ಅನ್ನುವುದು ಅಲ್ಲಿ ಹೆಸರಿಗೂ ಉಳಿದಿರಲಿಲ್ಲ.

"ಲೆನ್ಸು" ಎಂದು ಬಾಯಿ ತೆರೆದ. ಪರದೆಯಲ್ಲಿ ಪಕ್ಕದಲ್ಲೇ ತನ್ನ ಕಣ್ಣಿನ ಫೋಟೋ ತೆರೆದಿಟ್ಟಿದ್ದ. ಅದನ್ನು ನೋಡಿದ, ಇದನ್ನು ನೋಡಿದ. ಅದೇ ಲೆನ್ಸು, ಅದೇ ಕುರ್ಚಿ, ಅದೇ ಕಿಟಕಿ, ಅದೇ ಬೆಳಕು. ಮತ್ತೊಮ್ಮೆ ಅದು, ಮತ್ತೊಮ್ಮೆ ಇದು. ಬೆಲ್ಟಿನ ಮೇಲೆ ಬಂದ ಒಳ್ಳೆಯ ಬಾಟಲಿಗಳನ್ನೆಲ್ಲ ಒಡೆದು ಹಾಕಿ, ಸೀಳು ಬಿಟ್ಟದ್ದನ್ನು ಕಣ್ಣೆದುರಿಗೇ ಇಟ್ಟುಕೊಂಡು ಇಷ್ಟು ದಿನ ಕೂತಿದ್ದೆ ಎಂದು ಅರಿವಾಯಿತು. ಅವನಿಗೆ ನಿಜವಾಗಿ ಹೆದರಿಕೆಯಾಯಿತು, ನಾಚಿಕೆ ಆಮೇಲೆ ಬಂತು.

"ಅದು ಬೂಷ್ಟಲ್ಲ ಭಾವ, ಪೊರೆ" ಎಂದಳು ನಾದಿನಿ. "ನನ್ನ ಅಂಗಿಗೆ ಎರಡೂ ತೋಳು ಒಂದೇ ಕಡೇದು ಹೊಲಿದು ಕೊಟ್ಲು, ಅವಾಗ ನಂಗೆ ಗೊತ್ತಾಯ್ತು. ಮೂಲೇಲಿ ಕೂರಿಸ್ಕೊಂಡು ದಿನಾ ನೋಡೋರಿಗೆ ಗೊತ್ತಾಗ್ಲಿಲ್ಲ. ನಾಳೆ ಮತ್ತೆ ಬರೋಕೆ ಹೇಳಿದಾರೆ ಡಾಕ್ಟ್ರಮ್ಮ, ಮನೆಯವರನ್ನೂ ಕರ್ಕೊಂಡು ಬನ್ನಿ ಅಂದ್ರು. ಬರ್ತೀರಾ, ಇಲ್ಲಾ ಏನಾದ್ರೂ ಮಾರೋದಿದ್ಯಾ?"

ಅವನು ಬರುತ್ತೇನೆಂದು ತಲೆಯಾಡಿಸಿದ. ಮಂಚದ ಮೇಲೆ ಮೂರು ರಾಶಿ ಹಾಗೇ ಇದ್ದವು. ಯಾವುದನ್ನೂ ಮುಟ್ಟದೆ, ನೆಲದ ಮೇಲಿದ್ದ ಸಮವಸ್ತ್ರಗಳನ್ನು ಒಂದೊಂದಾಗಿ ಎತ್ತಿ ಕೊಡವಿ ಮಡಚಿದ. ಮಡಚಿದ್ದು ಸರಿಬರಲಿಲ್ಲ. ಟೈಲರಕ್ಕ ಅವನ್ನೆಲ್ಲ ಬಿಚ್ಚಿ ಮತ್ತೆ ಮಡಚಿದಳು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಟೈಲರಕ್ಕನ ಗಲ್ಲವನ್ನು ಯಂತ್ರದ ಮೇಲೆ ಇರಿಸಿ ಬಹಳ ಹೊತ್ತು ನೋಡಿದರು. ವಯಸ್ಸಾದ, ಮೆತ್ತಗೆ ಮಾತಾಡುವ ಹೆಂಗಸು.

"ಪೊರೆ ತುಂಬಾ ಬಲಿತುಬಿಟ್ಟಿದೆಯಮ್ಮ. ಊದಿಕೊಂಡು ಕಣ್ಣೊಳಗೆ ಒತ್ತಡಾನೂ ಏರಿದೆ. ಯಾವಾಗಿಂದ ಹೀಗಿದೆ?"

"ಬಹಳ ದಿನ ಆಯ್ತು" ಎಂದಳು ಟೈಲರಕ್ಕ. "ಸರಿಯಾಗಿ ನೆನಪಿಲ್ಲ."

"ಸರಿಯಾಗಿ ಗೊತ್ತಾದ್ರೆ ಒಳ್ಳೇದಿತ್ತು. ನರಕ್ಕೆ ಎಷ್ಟು ಪೆಟ್ಟು ಬಿದ್ದಿರಬಹುದು ಅನ್ನೋ ಅಂದಾಜು ಸಿಗ್ತಿತ್ತು."

ಹುಳುಕಪ್ಪ ಕುರ್ಚಿಯಲ್ಲಿ ಮಿಸುಕಾಡಿದ. ಕಂಪ್ಯೂಟರು ಚೀಲದಲ್ಲೇ ಇತ್ತು. ತಂದದ್ದು ಯಾಕೆಂದು ಅವನಿಗೇ ಸ್ಪಷ್ಟವಿರಲಿಲ್ಲ. ಉಪಕಾರವಾಗಲಿ ಎಂದೋ, ತಪ್ಪೊಪ್ಪಿಗೆ ಎಂದೋ, ಹುಟ್ಟುಗುಣವೋ. "ನನ್ನ ಹತ್ರ ಇದೆ ಡಾಕ್ಟ್ರೇ" ಎಂದು ತೆರೆದು ಮೇಜಿನ ಮೇಲಿಟ್ಟ. ಎಡಗಣ್ಣುಗಳು ತಾರೀಖಿನ ಸಮೇತ ಒಂದರ ಹಿಂದೊಂದು ಬಂದವು. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು.

"ಅಬ್ಬಾ, ಏನ್ ಸ್ಪಷ್ಟವಾಗಿ ಬಂದಿದೆ ಇವು. ನಮ್ಮ ಮಿಷನ್ನಲ್ಲೂ ಇಷ್ಟು ಚೆನ್ನಾಗಿ ಬರಲ್ಲ. ನೀವೇ ತೆಗೆದಿದ್ದಾ?"

ಹುಳುಕಪ್ಪನ ಬಾಳಿನಲ್ಲಿ ಅವನ ಫೋಟೋವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ದೇವರು ಕ್ಷಮಿಸಲಿ, ಆ ಕುರ್ಚಿಯಲ್ಲಿ, ಹೆಂಡತಿಯ ಪಕ್ಕದಲ್ಲಿ ಕೂತು, ಅವನಿಗೆ ಒಂದು ಕ್ಷಣ ಖುಷಿಯಾಯಿತು. "ಹೌದು, ನಾನೇ" ಎಂದ.

ಡಾಕ್ಟರಮ್ಮ ಒಂದೊಂದನ್ನೇ ಸರಿಸುತ್ತ ಹೋದರು. ಒಂದರ ಹತ್ತಿರ ನಿಂತರು. "ನೋಡಿ, ಇಲ್ಲೇ ಶುರುವಾಗಿದೆ. ಇದು ಮೂರು ವರ್ಷದ ಹಿಂದಿನದು. ಇಲ್ಲಿಗೆ ಬಂದಿದ್ರೆ ಏನೂ ಇರ್ತಿರ್ಲಿಲ್ಲ." ಮತ್ತೆ ಸರಿಸಿದರು. "ಇಲ್ಲೂ ಸುಲಭವೇ ಇತ್ತು." ಮತ್ತೊಂದು. "ಇಲ್ಲಿಂದ ಕಷ್ಟ."

"ಆಪರೇಷನ್ ಆದ್ರೆ ಮೊದ್ಲಿನ ಹಾಗೆ ಹೊಲೀಬೋದಾ ಡಾಕ್ಟ್ರೇ?" ಎಂದು ಟೈಲರಕ್ಕ ಕೇಳಿದಳು. ಅಷ್ಟನ್ನೇ ಕೇಳಲು ಅವಳು ಬಂದಿದ್ದಳು.

"ಮಾಡೋಣಮ್ಮ, ಬೇಗ ಮಾಡೋಣ. ಆದ್ರೆ ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ." ಡಾಕ್ಟರಮ್ಮ ಹುಳುಕಪ್ಪನ ಕಡೆ ತಿರುಗಿದರು. ದನಿಯಲ್ಲಿ ಕೋಪವಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದರು. "ಮೂರು ವರ್ಷದಿಂದ ಇಷ್ಟು ಹತ್ತಿರದಿಂದ ನೋಡ್ತಾನೇ ಇದೀರಿ. ನೋಡ್ಕೊಂಡೂ ಯಾಕೆ ಕರ್ಕೊಂಡು ಬರ್ಲಿಲ್ಲ?"

ಹುಳುಕಪ್ಪ ಪರದೆಯನ್ನು ನೋಡಿದ, ನೆಲವನ್ನು ನೋಡಿದ. ಗಂಡ ಹೀಗೆ ಬಾಯಿ ಕಟ್ಟಿ ಕೂತದ್ದನ್ನು ಟೈಲರಕ್ಕ ಎಂದೂ ಕಂಡಿರಲಿಲ್ಲ, ಸಹಿಸಲೂ ಆಗಲಿಲ್ಲ. ಅವಳೇ ಅವನ ಪರವಾಗಿ ಉತ್ತರ ಕೊಟ್ಟಳು.

"ಅವರಿಗೆ ಪುರುಸೊತ್ತಿರ್ಲಿಲ್ಲ ಡಾಕ್ಟ್ರೇ. ನನ್ನ ಕಣ್ಣು ಚೆನ್ನಾಗಿ ಕಾಣ್ಲಿ ಅಂತ ಲೆನ್ಸ್ ಬದಲಾಯಿಸ್ತಾ ಇದ್ರು."